ಒಂದೇ ಮ್ಯುಟೇಷನ್ ಇದ್ದರೂ ತಾಯಿಗೆ ಮಾತು ಹೋಯಿತು, ಸೋದರಮಾವನ ಸ್ವಭಾವ ಬದಲಾಯಿತು: ಏಕೆ?

ಪ್ರಶ್ನೆ

ನನ್ನ ತಾಯಿಗೆ ಈಗ 61 ವರ್ಷ. ನಾಲ್ಕು ವರ್ಷಗಳ ಹಿಂದೆ, ಮಾತನಾಡುವಾಗ ಬೇಕಾದ ಪದ ನಾಲಿಗೆಗೆ ಬಾರದೆ ಅವರು ತಡವರಿಸತೊಡಗಿದರು. ಒಂದು ವರ್ಷ ಕಳೆಯುವಷ್ಟರಲ್ಲಿ ವಿಭಕ್ತಿ ಪ್ರತ್ಯಯಗಳು ಬಿಟ್ಟುಹೋದವು, ಕ್ರಿಯಾಪದಗಳ ರೂಪ ತಪ್ಪತೊಡಗಿತು. "ಅಕ್ಕ ಊರಿಗೆ ಹೋದಳು" ಎನ್ನಬೇಕಾದಲ್ಲಿ "ಅಕ್ಕ ಊರು ಹೋಗು" ಎನ್ನುತ್ತಿದ್ದರು. ಈಗ ಹೆಚ್ಚುಕಡಿಮೆ ಮೌನವಾಗಿದ್ದಾರೆ. ಆದರೆ ಮನೆಯವರನ್ನೆಲ್ಲ ಗುರುತಿಸುತ್ತಾರೆ, ನಾವು ಹೇಳಿದ್ದನ್ನು ಬಹುಮಟ್ಟಿಗೆ ಗ್ರಹಿಸುತ್ತಾರೆ, ಯಾರಾದರೂ ಬೇಸರದಲ್ಲಿದ್ದರೆ ಪಕ್ಕದಲ್ಲಿ ಬಂದು ಕೈ ಹಿಡಿದು ಕೂರುತ್ತಾರೆ.

ಅವರ ಅಣ್ಣ, ಅಂದರೆ ನನ್ನ ಸೋದರಮಾವನ ಸ್ಥಿತಿ ಇದಕ್ಕೆ ತದ್ವಿರುದ್ಧವಾಗಿದೆ. 64ನೆಯ ವಯಸ್ಸಿನವರೆಗೆ ಅತ್ಯಂತ ಗಂಭೀರ ಸ್ವಭಾವದವರೆಂದು ಹೆಸರಾಗಿದ್ದ ಅವರು ಕಳೆದ ಎರಡು ವರ್ಷಗಳಿಂದ ಅಪರಿಚಿತರ ಹೆಗಲ ಮೇಲೆ ಕೈಹಾಕಿ ಮಾತನಾಡುತ್ತಾರೆ, ಸಾವಿನ ಮನೆಯಲ್ಲಿ ಗಟ್ಟಿಯಾಗಿ ನಗುತ್ತಾರೆ, ಸಿಹಿ ತಿನಿಸು ಎದುರಿಗಿದ್ದರೆ ಮುಗಿಯುವ ತನಕ ಬಿಡುವುದಿಲ್ಲ. ಅತ್ತೆ ಜ್ವರದಿಂದ ಮಲಗಿದ್ದಾಗ ಅವರನ್ನು ದಾಟಿಕೊಂಡು ಹೋಗಿ ಟಿ.ವಿ. ಹಾಕಿ ಕುಳಿತರು. ಮಾತಿನಲ್ಲಿ ಮಾತ್ರ ಯಾವ ತೊಡಕೂ ಇಲ್ಲ. ಈಚಿನ ಕೆಲವು ತಿಂಗಳುಗಳಿಂದ ಅವರ ಎಡಗೈ ಬಿಗಿದುಕೊಂಡಿದ್ದು, ಅಂಗಿಯ ಗುಂಡಿ ಹಾಕಲು ಆ ಕೈ ಒಗ್ಗುತ್ತಿಲ್ಲ.

ಇಬ್ಬರಿಗೂ ಫ್ರಂಟೊಟೆಂಪೊರಲ್ ಡಿಮೆನ್ಷಿಯಾ, ಅಂದರೆ ಮಿದುಳಿನ ಮುಂಭಾಗದ (ಫ್ರಂಟಲ್) ಮತ್ತು ಕಿವಿಯ ಬದಿಯ (ಟೆಂಪೊರಲ್) ಹಾಲೆಗಳು ಸೊರಗುವ ಕಾಯಿಲೆ ಎಂದು ವೈದ್ಯರು ಹೇಳಿದ್ದಾರೆ. ಜಿಆರ್‌ಎನ್ ಎಂಬ ಜೀನಿನಲ್ಲಿ ಇಬ್ಬರಿಗೂ ಒಂದೇ ಮ್ಯುಟೇಷನ್, ಅಂದರೆ ಜೀನಿನ ಬರಹದಲ್ಲಿ ಒಂದೇ ದೋಷ, ಇರುವುದು ಪರೀಕ್ಷೆಯಲ್ಲಿ ಕಂಡುಬಂದಿದೆ. ನಮ್ಮ ಅಜ್ಜಿ 75 ದಾಟುವವರೆಗೂ ಚೆನ್ನಾಗಿದ್ದು, ಕೊನೆಯ ಮೂರು ವರ್ಷ ಮರೆವಿನಿಂದ ಬಳಲಿ ತೀರಿಕೊಂಡರು. ಅದನ್ನು ವಯೋಸಹಜವೆಂದೇ ಎಲ್ಲರೂ ಭಾವಿಸಿದ್ದೆವು.

ಒಂದೇ ಅಕ್ಷರದೋಷ ಮೂವರಲ್ಲಿ ಮೂರು ಕಾಯಿಲೆಗಳಂತೆ ಕಾಣಿಸಿಕೊಳ್ಳುವುದು ಹೇಗೆ ಸಾಧ್ಯ? ಜೀನಿನಲ್ಲಿರುವ ದೋಷಕ್ಕೂ ಹೊರಗೆ ಕಾಣುವ ಲಕ್ಷಣಕ್ಕೂ ನಡುವೆ ಏನು ನಡೆಯುತ್ತದೆ? ನನಗೆ 34 ವರ್ಷ, ತಂಗಿಗೆ 30. ನಮಗೂ ಅದು ಬಂದಿದ್ದರೆ ತಾಯಿಯ ಬಗೆಯೇ, ತಾಯಿಯ ವಯಸ್ಸಿನಲ್ಲೇ ಬರುತ್ತದೆಯೇ? ಬಲ್ಲವರು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಮೊದಲ ಉತ್ತರ

ನಾನು ನರರೋಗ ವೈದ್ಯ. ತಾವು ಗಮನಿಸಿ ಬರೆದಿರುವ ವಿವರಗಳೇ ತಮ್ಮ ಪ್ರಶ್ನೆಗೆ ಅರ್ಧ ಉತ್ತರವನ್ನು ಒಳಗೊಂಡಿವೆ. ವಿಶೇಷವಾಗಿ ಸೋದರಮಾವನವರ ಎಡಗೈ ಬಿಗಿದುಕೊಂಡಿರುವ ಸಂಗತಿ ಬಹಳ ಮುಖ್ಯವಾದದ್ದು. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಲಕ್ಷಣವನ್ನು ನೇರವಾಗಿ ನಿರ್ಧರಿಸುವುದು ಜೀನ್ ಅಲ್ಲ, ಮಿದುಳಿನ ಯಾವ ಭಾಗ ಮೊದಲು ಸೊರಗುತ್ತದೆ ಎಂಬುದು. ಎಡ ಮುಂಭಾಗದ ಹಾಲೆಯ ಕೆಳಭಾಗದಲ್ಲಿ ವ್ಯಾಕರಣಬದ್ಧವಾಗಿ ಮಾತು ಕಟ್ಟುವ ಕೆಲಸ ನಡೆಯುತ್ತದೆ. ಆ ಜಾಗ ಪಾರ್ಶ್ವವಾಯುವಿನಿಂದ ಹಾಳಾದರೂ, ಗಡ್ಡೆಯಿಂದ ಹಾಳಾದರೂ, ಜೀನಿನ ದೋಷದಿಂದ ಹಾಳಾದರೂ ಮಾತು ಮುರಿಯುತ್ತದೆ. ಹಾಗೆಯೇ ಮುಂಭಾಗದ ಹಾಲೆಗಳ ಒಳಬದಿ ಮತ್ತು ಇನ್ಸುಲಾ ಎಂಬ ಮಡಿಕೆ, ಅದರಲ್ಲಿಯೂ ಬಲಬದಿಯದು, ಸೊರಗಿದರೆ ಎದುರಿಗಿರುವವರ ನೋವು ತಟ್ಟುವುದು ನಿಲ್ಲುತ್ತದೆ, ಸಂಕೋಚ ಹೋಗುತ್ತದೆ, ತಿನ್ನುವುದಕ್ಕೆ ಕಡಿವಾಣ ಇರುವುದಿಲ್ಲ. ಇವು ಆ ವ್ಯಕ್ತಿಯ ನಡತೆಗೇಡಿತನವಲ್ಲ. ತಡೆಯುವ ಅಂಗವೇ ಸೊರಗಿದೆ. 1892ರಲ್ಲಿ ಪ್ರಾಗ್ ನಗರದ ಅರ್ನಾಲ್ಡ್ ಪಿಕ್ ಈ ಕಾಯಿಲೆಯನ್ನು ಮೊದಲಿಗೆ ವಿವರಿಸಿದಾಗಲೂ ಅವರ ಗಮನ ಸೆಳೆದದ್ದು ಇದೇ: ಮಿದುಳು ಎಲ್ಲೆಡೆ ಒಂದೇ ಸಮನಾಗಿ ಸವೆಯದೆ, ಒಂದು ಕಡೆಯಷ್ಟೇ ಕುಗ್ಗಿತ್ತು, ರೋಗಿಗೆ ಮಾತಿನ ಶಕ್ತಿ ಕುಂದಿತ್ತು.

ಹಾಗಾದರೆ ಜೀನಿನ ಪಾತ್ರವೇನು? ಯಾವ ಪ್ರೋಟೀನ್ ಕೆಡಬೇಕು ಎಂಬುದನ್ನು ಜೀನ್ ನಿರ್ಧರಿಸುತ್ತದೆ. ಆ ಪ್ರೋಟೀನ್ ಕೆಟ್ಟರೆ ಯಾವ ಬಗೆಯ ಕೋಶಗಳು ಬೇಗ ಬಳಲುತ್ತವೆ ಎಂಬುದು ಎರಡನೆಯ ಹಂತ. ಆ ಕೋಶಗಳು ಎಲ್ಲಿ ದಟ್ಟವಾಗಿವೆ, ಯಾವ ಜಾಲದ ಮೂಲಕ ಹಾನಿ ಹರಡುತ್ತದೆ ಎಂಬುದು ಮೂರನೆಯದು. ಈ ಹಂತಗಳ ನಡುವಿನ ಕೊಂಡಿ ಕೆಲವು ಜೀನುಗಳಲ್ಲಿ ಬಿಗಿಯಾಗಿದೆ, ಕೆಲವುಗಳಲ್ಲಿ ತೀರಾ ಸಡಿಲವಾಗಿದೆ. ತಮ್ಮ ಕುಟುಂಬದಲ್ಲಿರುವುದು ಸಡಿಲ ಕೊಂಡಿಯ ಜೀನ್.

ಬಿಗಿ ಕೊಂಡಿಗೆ ಉದಾಹರಣೆ ಎಂಎಪಿಟಿ. 17ನೆಯ ವರ್ಣತಂತುವಿನಲ್ಲಿರುವ ಈ ಜೀನಿನ ಮ್ಯುಟೇಷನ್‌ಗಳು 1998ರಲ್ಲಿ ಪತ್ತೆಯಾದವು. ಇದು ಟೌ ಎಂಬ ಪ್ರೋಟೀನನ್ನು ತಯಾರಿಸುತ್ತದೆ. ನರಕೋಶದ ಉದ್ದನೆಯ ಎಳೆಯೊಳಗೆ ಸಾಮಗ್ರಿ ಸಾಗಿಸುವ ಸೂಕ್ಷ್ಮ ನಾಳಿಕೆಗಳನ್ನು ಟೌ ಭದ್ರವಾಗಿ ಹಿಡಿದಿಡುತ್ತದೆ. ಮ್ಯುಟೇಷನ್ ಆದಾಗ ಟೌ ನಾಳಿಕೆಯಿಂದ ಕಳಚಿಕೊಂಡು ತನ್ನಲ್ಲೇ ಗಂಟುಕಟ್ಟುತ್ತದೆ. ಇಲ್ಲಿ ಕೆಟ್ಟ ಪ್ರೋಟೀನೇ ಹಾನಿಮಾಡುವುದರಿಂದ, ಅದು ಯಾವ ಜಾಗದಲ್ಲಿ ಹೇಗೆ ಕೆಟ್ಟಿದೆ ಎಂಬುದು ಲಕ್ಷಣಗಳಲ್ಲಿ ಎದ್ದು ಕಾಣುತ್ತದೆ. ಜೀನಿನ ಹತ್ತನೆಯ ಎಕ್ಸಾನ್ ಎಂಬ ತುಣುಕಿನ ಆಸುಪಾಸಿನ ಕೆಲವು ಮ್ಯುಟೇಷನ್‌ಗಳು ನಾಳಿಕೆಗೆ ಅಂಟುವ ಭಾಗ ನಾಲ್ಕು ಸಲ ಪುನರಾವರ್ತನೆಯಾಗುವ ಟೌ ರೂಪವನ್ನು ಮಿತಿಮೀರಿ ಹೆಚ್ಚಿಸುತ್ತವೆ. ಅಂಥವರಲ್ಲಿ ನಡವಳಿಕೆಯ ಬದಲಾವಣೆಯ ಜೊತೆಗೆ ಪಾರ್ಕಿನ್ಸನ್ ಕಾಯಿಲೆಯಂಥ ಬಿಗಿತ, ನಿಧಾನಗತಿ ಪ್ರಧಾನವಾಗಿ ಕಾಣುತ್ತವೆ. ಅದೇ ಜೀನಿನ ಆರ್406ಡಬ್ಲ್ಯು ಎಂಬ ಮ್ಯುಟೇಷನ್ ಇದ್ದವರಲ್ಲಿ ಮರೆವೇ ಮುಂದಾಗಿ, ಕಾಯಿಲೆ ಬಹಳ ನಿಧಾನವಾಗಿ ಸಾಗುತ್ತದೆ. ಎಷ್ಟೋ ವೇಳೆ ಅದನ್ನು ಆಲ್ಝೈಮರ್ ಎಂದೇ ತಿಳಿಯಲಾಗುತ್ತದೆ. ಎಂಎಪಿಟಿ ಕುಟುಂಬಗಳಲ್ಲಿ ಕಾಯಿಲೆ ಸರಾಸರಿ 50ರ ಆಸುಪಾಸಿನಲ್ಲಿ ಆರಂಭವಾಗುತ್ತದೆ. ತಂದೆ ಅಥವಾ ತಾಯಿಗೆ ಯಾವ ವಯಸ್ಸಿನಲ್ಲಿ ಬಂದಿತೋ ಹೆಚ್ಚುಕಡಿಮೆ ಅದೇ ವಯಸ್ಸಿನಲ್ಲಿ ಮಕ್ಕಳಿಗೂ ಬರುವುದುಂಟು. ಎರಡೂ ಬದಿಯ ಟೆಂಪೊರಲ್ ಹಾಲೆಗಳ ಮುಂತುದಿ ಸಮಸಮನಾಗಿ ಸೊರಗುವುದರಿಂದ, ಬಾಚಣಿಗೆಯನ್ನು ಕೈಯಲ್ಲಿ ಹಿಡಿದುಕೊಂಡೇ "ಬಾಚಣಿಗೆ ಎಂದರೇನು?" ಎಂದು ಕೇಳುವಂಥ ಅರ್ಥನಷ್ಟವೂ ಇವರಲ್ಲಿ ಕಾಣುತ್ತದೆ.

ಜಿಆರ್‌ಎನ್ ಕೂಡ ಅದೇ 17ನೆಯ ವರ್ಣತಂತುವಿನಲ್ಲಿ, ಎಂಎಪಿಟಿಗೆ ತೀರಾ ಹತ್ತಿರದಲ್ಲಿದೆ. ಕಾಯಿಲೆ ಆ ಜಾಗಕ್ಕೇ ಅಂಟಿಕೊಂಡಿದೆ ಎಂದು ಗೊತ್ತಿದ್ದೂ ಟೌ ದೋಷ ಕಾಣಿಸದ ಕುಟುಂಬಗಳು 2006ರವರೆಗೆ ಸಂಶೋಧಕರನ್ನು ಕಾಡಿದವು. ಆ ವರ್ಷ ಪಕ್ಕದ ಈ ಜೀನ್ ಸಿಕ್ಕಿತು. ಇದರ ಸ್ವಭಾವ ಎಂಎಪಿಟಿಗಿಂತ ಪೂರ್ತಿ ಬೇರೆ. ಇಲ್ಲಿ ಕೆಟ್ಟ ಪ್ರೋಟೀನ್ ಉಂಟಾಗುವುದಿಲ್ಲ, ಇರಬೇಕಾದ ಪ್ರೋಟೀನ್ ಸಾಲದೆ ಹೋಗುತ್ತದೆ. ನಮ್ಮಲ್ಲಿ ಪ್ರತಿ ಜೀನಿಗೂ ಎರಡು ಪ್ರತಿಗಳಿದ್ದು, ಜಿಆರ್‌ಎನ್‌ನ ಒಂದು ಪ್ರತಿ ಕೆಟ್ಟಾಗ ಅದರಿಂದ ಹೊರಟ ದೋಷಯುಕ್ತ ಸಂದೇಶವನ್ನು ಬಹುತೇಕ ಸಂದರ್ಭಗಳಲ್ಲಿ ಕೋಶವೇ ಗುರುತಿಸಿ ನಾಶಮಾಡುತ್ತದೆ. ಹೀಗಾಗಿ ಪ್ರೊಗ್ರಾನ್ಯುಲಿನ್ ಎಂಬ ಪ್ರೋಟೀನಿನ ಪ್ರಮಾಣ ಅರ್ಧಕ್ಕೆ ಅಥವಾ ಅದಕ್ಕೂ ಕೆಳಗೆ ಇಳಿಯುತ್ತದೆ. ಈ ಜೀನಿನಲ್ಲಿ ನೂರಕ್ಕೂ ಹೆಚ್ಚು ಬೇರೆಬೇರೆ ಮ್ಯುಟೇಷನ್‌ಗಳು ಪತ್ತೆಯಾಗಿದ್ದರೂ ಹೆಚ್ಚಿನವುಗಳ ಫಲ ಒಂದೇ, ಅಂದರೆ ಕೊರತೆ. ಆದ್ದರಿಂದ ವರದಿಯಲ್ಲಿ ಬರೆದಿರುವ ಅಕ್ಷರ ಮತ್ತು ಸಂಖ್ಯೆಗಳಲ್ಲಿ ತಮ್ಮ ತಾಯಿಯ ಮಾತಿನ ತೊಂದರೆಗೆ ಕಾರಣ ಹುಡುಕಿದರೆ ಸಿಗುವುದಿಲ್ಲ.

ಪ್ರೊಗ್ರಾನ್ಯುಲಿನ್ ಕೋಶದ ಕಸ ಕರಗಿಸುವ ಲೈಸೋಸೋಮ್‌ಗಳಿಗೆ ಬೇಕು. ಮಿದುಳಿನ ಕಾವಲು ಕೋಶಗಳಾದ ಮೈಕ್ರೊಗ್ಲಿಯಾಗಳನ್ನು ಹದದಲ್ಲಿಡುವುದಕ್ಕೂ ಬೇಕು. ಅದರ ಕೊರತೆ ದಶಕಗಳ ಕಾಲ ಮುಂದುವರಿದಾಗ ಟಿಡಿಪಿ-43 ಎಂಬ ಮತ್ತೊಂದು ಪ್ರೋಟೀನ್ ತಾನಿರಬೇಕಾದ ಕೋಶಕೇಂದ್ರವನ್ನು ಬಿಟ್ಟು ಹೊರಬಂದು ಮುದ್ದೆಗಟ್ಟುತ್ತದೆ. ಇಲ್ಲಿಯವರೆಗೆ ತಾಯಿ ಮತ್ತು ಮಾವ ಇಬ್ಬರದೂ ಒಂದೇ ದಾರಿ. ದಾರಿ ಕವಲೊಡೆಯುವುದು ಮುಂದಿನ ಹೆಜ್ಜೆಯಲ್ಲಿ. ಜಿಆರ್‌ಎನ್‌ನ ಎದ್ದು ಕಾಣುವ ಗುಣವೆಂದರೆ ಅದರ ಹಾನಿ ಹೆಚ್ಚಾಗಿ ಒಂದು ಬದಿಗೆ ವಾಲಿರುತ್ತದೆ. ಎಡಬದಿ ಮೊದಲು ಸೊರಗಿದವರಿಗೆ ಮಾತು ಹೋಗುತ್ತದೆ, ಬಲಬದಿ ಮೊದಲು ಸೊರಗಿದವರ ಸ್ವಭಾವ ಬದಲಾಗುತ್ತದೆ. ಜೊತೆಗೆ ಈ ಜೀನಿನಲ್ಲಿ ಹಾನಿ ಫ್ರಂಟಲ್ ಮತ್ತು ಟೆಂಪೊರಲ್ ಹಾಲೆಗಳಲ್ಲೇ ನಿಲ್ಲದೆ ಹಿಂದಿನ ಪೆರೈಟಲ್ ಹಾಲೆಗೂ ಚಾಚುತ್ತದೆ. ಕೈಗೆ ಶಕ್ತಿಯಿದ್ದೂ ಕೆಲಸ ಮಾಡುವ ಕ್ರಮ ಮರೆತುಹೋಗುವುದು ಅದರಿಂದಲೇ. ಬಲಬದಿಯ ಮಿದುಳು ಎಡಗೈಯನ್ನು ಆಳುವುದರಿಂದ, ಮಾವನವರ ನಡವಳಿಕೆಯ ಬದಲಾವಣೆ ಮತ್ತು ಎಡಗೈಯ ಬಿಗಿತ ಎರಡೂ ಒಂದೇ ಬದಿಯತ್ತ ಬೆರಳು ತೋರುತ್ತವೆ. ಇಬ್ಬರ ಎಂಆರ್‌ಐ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಲು ತಮ್ಮ ವೈದ್ಯರನ್ನು ಕೇಳಿ. ಒಂದು ಮತ್ತೊಂದರ ಕನ್ನಡಿಬಿಂಬದಂತೆ ಕಂಡರೆ ನನಗೆ ಆಶ್ಚರ್ಯವಾಗದು.

ಅಜ್ಜಿಯವರ ಮರೆವೂ ಇದೇ ಕಾಯಿಲೆಯಾಗಿದ್ದಿರಬಹುದು. ಪೆರೈಟಲ್ ಹಾಲೆ ಮತ್ತು ನೆನಪಿನ ಭಾಗಗಳು ಬಾಧೆಗೊಳಗಾದ ಜಿಆರ್‌ಎನ್ ರೋಗಿಗಳನ್ನು ಆಲ್ಝೈಮರ್ ಎಂದು ಗುರುತಿಸಿದ ನಿದರ್ಶನಗಳು ಸಾಕಷ್ಟಿವೆ.

ಎರಡನೆಯ ಉತ್ತರ

ನಾನು ವೈದ್ಯಳಲ್ಲ. ನನ್ನ ಪತಿಗೆ ಇದೇ ಕಾಯಿಲೆ ಬೇರೊಂದು ಜೀನಿನಿಂದ ಬಂದಿತ್ತು. ಆ ಅನುಭವ ಇಲ್ಲಿ ಓದುವ ಇನ್ನೊಂದು ಕುಟುಂಬಕ್ಕೆ ಉಪಯೋಗವಾಗಬಹುದೆಂದು ಬರೆಯುತ್ತಿದ್ದೇನೆ.

ಪತಿಗೆ 52 ವರ್ಷವಾಗಿದ್ದಾಗ ಹೊಟ್ಟೆಯೊಳಗೆ ಏನೋ ಜೀವಂತ ವಸ್ತು ಹರಿದಾಡುತ್ತಿದೆ ಎಂಬ ನಂಬಿಕೆ ಅವರನ್ನು ಹಿಡಿಯಿತು. ಎಷ್ಟು ಪರೀಕ್ಷೆ ಮಾಡಿಸಿ ಏನೂ ಇಲ್ಲವೆಂದು ತೋರಿಸಿದರೂ ಅವರು ಒಪ್ಪಲಿಲ್ಲ. ಪಕ್ಕದ ಕೋಣೆಯಲ್ಲಿ ಯಾರೋ ತಮ್ಮ ಬಗ್ಗೆ ಮಾತನಾಡುತ್ತಿದ್ದಾರೆ ಎಂದು ರಾತ್ರಿ ಎದ್ದು ಕೂರುತ್ತಿದ್ದರು. ಮೂರು ವರ್ಷ ಮಾನಸಿಕ ಕಾಯಿಲೆಯೆಂದೇ ಚಿಕಿತ್ಸೆ ನಡೆಯಿತು. ಆ ಔಷಧಿಗಳಿಂದ ಅವರ ಮೈ ಮರಗಟ್ಟಿದಂತಾಗುತ್ತಿತ್ತೇ ಹೊರತು ನಂಬಿಕೆ ಸಡಿಲವಾಗಲಿಲ್ಲ. ಮಿದುಳಿನ ಸ್ಕ್ಯಾನ್‌ನಲ್ಲಿ ಆಗ ಹೇಳಿಕೊಳ್ಳುವಂಥ ಕುಗ್ಗುವಿಕೆ ಇರಲಿಲ್ಲವಾದ್ದರಿಂದ ಡಿಮೆನ್ಷಿಯಾ ಎಂಬ ಸಂದೇಹವೇ ಯಾರಿಗೂ ಬರಲಿಲ್ಲ. ಒಂದು ದಿನ ಅವರ ಬಲಗೈ ಹೆಬ್ಬೆರಳಿನ ಬುಡದ ಮಾಂಸ ಬತ್ತಿರುವುದನ್ನು ನಾನು ಗಮನಿಸಿದೆ. ಕೆಲವು ತಿಂಗಳಲ್ಲಿ ನೀರು ಕುಡಿದರೆ ಕೆಮ್ಮು ಬರತೊಡಗಿತು. ಆಗ ಒಬ್ಬ ಕಿರಿಯ ವೈದ್ಯೆ "ಇವರ ಮನೆಯಲ್ಲಿ ಯಾರಿಗಾದರೂ ಸ್ನಾಯುಗಳು ಬತ್ತುವ ಕಾಯಿಲೆ ಇತ್ತೇ?" ಎಂದು ಕೇಳಿದರು. ಇತ್ತು. ನನ್ನ ಭಾವನವರು ಮೋಟರ್ ನ್ಯೂರಾನ್ ಕಾಯಿಲೆಯಿಂದ 49ನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದರು; ಕೊನೆಯವರೆಗೂ ಅವರ ಬುದ್ಧಿ ಸ್ಪಷ್ಟವಾಗಿತ್ತು. ಆ ಸಾವಿಗೂ ಈ ಭ್ರಮೆಗಳಿಗೂ ಸಂಬಂಧವಿರಬಹುದೆಂದು ಅಲ್ಲಿಯವರೆಗೆ ನಮಗೆ ಹೊಳೆದಿರಲೇ ಇಲ್ಲ.

ಪತಿಗೆ ಇದ್ದದ್ದು ಸಿ9ಓಆರ್‌ಎಫ್72 ಜೀನಿನ ದೋಷ. ನನಗೆ ಅರ್ಥಮಾಡಿಸಿದ ಪ್ರಕಾರ, ಈ ಜೀನಿನಲ್ಲಿ ಆರು ಅಕ್ಷರಗಳ ಒಂದು ಗುಂಪು ಮತ್ತೆ ಮತ್ತೆ ಬರುತ್ತದೆ. ಸಾಮಾನ್ಯವಾಗಿ ಅದು ಮೂವತ್ತಕ್ಕಿಂತ ಕಡಿಮೆ ಸಲ ಇದ್ದರೆ, ಕಾಯಿಲೆಯುಳ್ಳವರಲ್ಲಿ ನೂರಾರು, ಕೆಲವೊಮ್ಮೆ ಸಾವಿರಾರು ಸಲ ಇರುತ್ತದೆ. ಅಂದರೆ ಈ ಜೀನಿನ ಎಲ್ಲ ರೋಗಿಗಳಲ್ಲೂ ದೋಷ ಒಂದೇ. ಆದರೂ ಅಣ್ಣನಿಗೆ ಸ್ನಾಯು, ತಮ್ಮನಿಗೆ ಮನಸ್ಸು. ತಮ್ಮ ತಾಯಿ ಮತ್ತು ಮಾವನ ವಿಷಯ ಓದಿದಾಗ ನನಗೆ ನೆನಪಾದದ್ದು ಇದೇ.

ದಯವಿಟ್ಟು ಯಾರೂ ಕುಟುಂಬದ ಚರಿತ್ರೆ ಹೇಳುವಾಗ "ಡಿಮೆನ್ಷಿಯಾ ಯಾರಿಗೂ ಇರಲಿಲ್ಲ" ಎಂದಷ್ಟೇ ಹೇಳಿ ಮುಗಿಸಬೇಡಿ. ಕೈಕಾಲು ಬತ್ತಿದವರು, ಇಳಿವಯಸ್ಸಿನಲ್ಲಿ ಮೊದಲ ಸಲ ಭ್ರಮೆಗೆ ಒಳಗಾದವರು, ಕುಡಿತಕ್ಕೆ ಬಿದ್ದು ಮನೆ ಬಿಟ್ಟುಹೋದರೆಂದು ಹೇಳಲಾಗುವವರು, ಇವರೆಲ್ಲರನ್ನೂ ವೈದ್ಯರ ಮುಂದೆ ನೆನಪಿಸಿಕೊಳ್ಳಿ.

ಮೂರನೆಯ ಉತ್ತರ

ಜೆನೆಟಿಕ್ ಕೌನ್ಸೆಲಿಂಗ್ (ಆನುವಂಶಿಕ ಕಾಯಿಲೆಗಳ ಬಗೆಗಿನ ಸಮಾಲೋಚನೆ) ನನ್ನ ವೃತ್ತಿ. ಮೇಲಿನ ಎರಡು ಉತ್ತರಗಳೂ ಸರಿಯಾಗಿವೆ. ವಯಸ್ಸಿನ ಬಗ್ಗೆ ಪ್ರಶ್ನೆ ಕೇಳಿದವರು ಎತ್ತಿದ ಮಾತು ಉಳಿದಿದೆ. ಅದರ ಜೊತೆಗೆ ಪರೀಕ್ಷೆಯ ಒಂದು ತೊಡಕನ್ನೂ ಹೇಳಬೇಕಾಗಿದೆ.

ತಂದೆತಾಯಿಯರಲ್ಲಿ ಒಬ್ಬರಿಗೆ ಮ್ಯುಟೇಷನ್ ಇದ್ದರೆ ಪ್ರತಿಯೊಂದು ಮಗುವಿಗೂ ಅದು ಬರುವ ಸಾಧ್ಯತೆ ಶೇ. 50. ಮೊದಲ ಮಗುವಿಗೆ ಬಂದಿತೋ ಇಲ್ಲವೋ ಎಂಬುದರ ಮೇಲೆ ಎರಡನೆಯದರ ಸಾಧ್ಯತೆ ಬದಲಾಗುವುದಿಲ್ಲ. ಮುಖಚಹರೆ ತಾಯಿಯದಾಗಿದ್ದರೆ ಕಾಯಿಲೆಯೂ ಬರುತ್ತದೆಂಬುದು ಬರಿಯ ಭಯ. ಬಂದಿದ್ದರೂ ಜಿಆರ್‌ಎನ್‌ನಲ್ಲಿ ತಾಯಿಯ ವಯಸ್ಸು ಮಕ್ಕಳ ವಯಸ್ಸಿಗೆ ಅಳತೆಗೋಲಾಗುವುದಿಲ್ಲ. ಈ ಜೀನಿನ ಕಾಯಿಲೆ ಸರಾಸರಿ 60ರ ಆಸುಪಾಸಿನಲ್ಲಿ ಆರಂಭವಾದರೂ, 40 ತುಂಬುವ ಮೊದಲೇ ಕಾಣಿಸಿಕೊಂಡವರೂ 80 ದಾಟಿದ ಮೇಲೆ ಕಾಣಿಸಿಕೊಂಡವರೂ ಇದ್ದಾರೆ. ತಮ್ಮ ಮನೆಯಲ್ಲೇ ಅಜ್ಜಿಗೆ 75ರ ಮೇಲೆ, ಮಾವನಿಗೆ 64ಕ್ಕೆ, ತಾಯಿಗೆ 57ಕ್ಕೆ ಬಂದಿದೆ. ಇದನ್ನು ನೋಡಿ "ತಲೆಮಾರಿನಿಂದ ತಲೆಮಾರಿಗೆ ಬೇಗ ಬರುತ್ತಿದೆ" ಎಂಬ ತೀರ್ಮಾನಕ್ಕೆ ತಾವು ಬರಬಾರದೆಂದು ಕೇಳಿಕೊಳ್ಳುತ್ತೇನೆ. ಜಿಆರ್‌ಎನ್‌ನಲ್ಲಿ ಮ್ಯುಟೇಷನ್ ಪೀಳಿಗೆಯಿಂದ ಪೀಳಿಗೆಗೆ ಬೆಳೆಯುವುದಿಲ್ಲ. ತಾಯಿಯಲ್ಲಿದ್ದದ್ದು ಹೇಗಿತ್ತೋ ಹಾಗೆಯೇ ಮಗುವಿಗೆ ಬರುತ್ತದೆ.

ವ್ಯತ್ಯಾಸಕ್ಕೆ ಒಂದು ಕಾರಣ ತಿಳಿದಿದೆ. 7ನೆಯ ವರ್ಣತಂತುವಿನಲ್ಲಿ ಟಿಎಂಇಎಂ106ಬಿ ಎಂಬ ಇನ್ನೊಂದು ಜೀನಿದೆ. ಅದರ ಸಹಜ ರೂಪಭೇದಗಳಲ್ಲಿ ಒಂದು ಜಿಆರ್‌ಎನ್ ಮ್ಯುಟೇಷನ್ ಇರುವವರಿಗೆ ರಕ್ಷಣೆ ನೀಡುತ್ತದೆ ಎಂಬುದು 2010ರಿಂದೀಚೆಗಿನ ಸಂಶೋಧನೆಗಳಲ್ಲಿ ಸ್ಪಷ್ಟವಾಗಿದೆ. ಆ ರೂಪವನ್ನು ತಾಯಿ ಮತ್ತು ತಂದೆ ಇಬ್ಬರಿಂದಲೂ ಪಡೆದವರಲ್ಲಿ ಕಾಯಿಲೆ ಬಹಳ ತಡವಾಗಿ ಬರಬಹುದು, ಬಾರದೆಯೂ ಇರಬಹುದು. ಲೈಸೋಸೋಮ್‌ಗಳಲ್ಲಿಯೇ ಕೆಲಸ ಮಾಡುವ ಪ್ರೋಟೀನ್ ಅದು ಎಂಬುದು ಗಮನಾರ್ಹ. ತಾಯಿಯಿಂದ ಜಿಆರ್‌ಎನ್ ದೋಷ ಬಂದ ಮಗುವಿಗೆ ತಂದೆಯಿಂದ ಈ ರಕ್ಷಕ ರೂಪವೂ ಬಂದಿರಬಹುದು. ಮಗುವಿನ ಭವಿಷ್ಯ ತಾಯಿಯ ಭವಿಷ್ಯದ ನಕಲಾಗದಿರಲು ಇದೂ ಒಂದು ಕಾರಣ.

ಪ್ರಮಾಣದ ಮಾತು ಎಷ್ಟು ನಿರ್ಣಾಯಕ ಎಂಬುದನ್ನು ಒಂದು ಅಪರೂಪದ ಸಂಗತಿ ತೋರಿಸಿಕೊಡುತ್ತದೆ. ಜಿಆರ್‌ಎನ್‌ನ ಎರಡೂ ಪ್ರತಿಗಳು ಕೆಟ್ಟಿರುವ ವ್ಯಕ್ತಿಗಳು ಇರುವುದು 2012ರಲ್ಲಿ ವರದಿಯಾಯಿತು. ಅವರಿಗೆ ಬಂದದ್ದು ಮಧ್ಯವಯಸ್ಸಿನ ಡಿಮೆನ್ಷಿಯಾ ಅಲ್ಲ. ಇಪ್ಪತ್ತರ ಹರೆಯದಲ್ಲೇ ದೃಷ್ಟಿ ಕುಂದಿ, ಅಪಸ್ಮಾರ ಬಂದು, ನಡಿಗೆಯ ಸಮತೋಲ ತಪ್ಪುವ ಲೈಸೋಸೋಮ್ ಕಾಯಿಲೆ. ಪ್ರೋಟೀನ್ ಅರ್ಧ ಇದ್ದರೆ ಒಂದು ಕಾಯಿಲೆ ಆರು ದಶಕಗಳ ಮೇಲೆ ಬರುತ್ತದೆ, ಪೂರ್ತಿ ಇಲ್ಲದಿದ್ದರೆ ಇನ್ನೊಂದು ಕಾಯಿಲೆ ಎರಡು ದಶಕಗಳಲ್ಲೇ ಬರುತ್ತದೆ. ಜೀನ್ ಮಾತ್ರ ಅದೇ.

ಪರೀಕ್ಷೆಯ ತೊಡಕು ಇದು. ಸಿ9ಓಆರ್‌ಎಫ್72ನ ಪುನರಾವರ್ತನೆ ಜೀನುಗಳ ಪ್ರೋಟೀನ್ ತಯಾರಿಸುವ ಭಾಗಗಳನ್ನು ಓದುವ ಸಾಮಾನ್ಯ ಎಕ್ಸೋಮ್ ಸೀಕ್ವೆನ್ಸಿಂಗ್‌ನಲ್ಲಿ ಕಾಣುವುದಿಲ್ಲ. ಅದಕ್ಕೆ ಪುನರಾವರ್ತನೆಯನ್ನೇ ಹಿಡಿಯುವ ಪ್ರತ್ಯೇಕ ಪಿಸಿಆರ್ ವಿಧಾನ ಬೇಕು. "ಮ್ಯುಟೇಷನ್ ಕಂಡುಬಂದಿಲ್ಲ" ಎಂಬ ವರದಿ ಕೈಗೆ ಬಂದ ಕುಟುಂಬಗಳು ಈ ಜೀನನ್ನು ಪ್ರತ್ಯೇಕವಾಗಿ ನೋಡಲಾಗಿದೆಯೇ ಎಂದು ಕೇಳದೆ ನಿಶ್ಚಿಂತರಾಗಬಾರದು. ಇನ್ನು ಪುನರಾವರ್ತನೆಗಳ ಸಂಖ್ಯೆ ರಕ್ತದಲ್ಲಿ ಒಂದು, ಮಿದುಳಿನಲ್ಲಿ ಇನ್ನೊಂದು ಇರುವುದರಿಂದ, ರಕ್ತದ ಸಂಖ್ಯೆ ನೋಡಿ ಯಾರಿಗೆ ಸ್ನಾಯುವಿನ ಕಾಯಿಲೆ, ಯಾರಿಗೆ ಭ್ರಮೆ ಎಂದು ಹೇಳಲಾಗದು.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ತಾಯಿ ಮತ್ತು ಮಾವನ ಕಾಯಿಲೆಗಳು ಎಡ ಬಲಗಳ ವ್ಯತ್ಯಾಸವಾಗಿರಬಹುದು ಎಂಬ ವಿವರಣೆಯನ್ನು ಅತ್ತೆಗೆ ಓದಿ ಹೇಳಿದೆ. "ಹಾಗಾದರೆ ನನಗೆ ಜ್ವರ ಬಂದ ದಿನ ಅವರು ಬೇಕೆಂದೇ ನೋಡದೆ ಹೋದದ್ದಲ್ಲ" ಎಂದು ಅವರು ಬಹಳ ಹೊತ್ತು ಅತ್ತರು. ಎರಡು ವರ್ಷ ಅವರು ಆ ನೋವನ್ನು ಯಾರಿಗೂ ಹೇಳಿಕೊಂಡಿರಲಿಲ್ಲ.

ಇನ್ನೆರಡು ಪ್ರಶ್ನೆಗಳಿವೆ. ಕಾರಣ ಇಷ್ಟು ಸ್ಪಷ್ಟವಾಗಿರುವಾಗ, ಅಂದರೆ ಒಂದು ಪ್ರೋಟೀನಿನ ಕೊರತೆಯೇ ಕಾರಣವಾಗಿರುವಾಗ, ಅದನ್ನು ಹೊರಗಿನಿಂದ ತುಂಬಿಸಲು ಸಾಧ್ಯವಿಲ್ಲವೇ? ಹಾಗೂ, ನಾನು ಪರೀಕ್ಷೆ ಮಾಡಿಸಿಕೊಳ್ಳಬೇಕೆಂದಿದ್ದೇನೆ, ತಂಗಿಗೆ ಬೇಡವಾಗಿದೆ. ಇಬ್ಬರಲ್ಲಿ ಯಾರು ಸರಿ?

ಮೊದಲ ಉತ್ತರ ಬರೆದವರಿಂದ

ಪ್ರೋಟೀನ್ ತುಂಬಿಸುವ ವಿಚಾರ ಎಲ್ಲರಿಗೂ ಮೊದಲು ಹೊಳೆದದ್ದೇ. ಪ್ರೊಗ್ರಾನ್ಯುಲಿನನ್ನು ಕೋಶದೊಳಕ್ಕೆ ಎಳೆದುಕೊಂಡು ಒಡೆಯುವಲ್ಲಿ ಕೋಶದ ಮೇಲಿರುವ ಸಾರ್ಟಿಲಿನ್ ಎಂಬ ಗ್ರಾಹಕ ಪ್ರೋಟೀನಿನ ಪಾತ್ರವಿದೆ. ಅದನ್ನು ತಡೆದರೆ ರಕ್ತದಲ್ಲಿ ಪ್ರೊಗ್ರಾನ್ಯುಲಿನ್ ಏರುತ್ತದೆಂಬ ಆಧಾರದ ಮೇಲೆ ಲಾಟೊಝಿನೆಮ್ಯಾಬ್ ಎಂಬ ಪ್ರತಿಕಾಯವನ್ನು ಔಷಧ ಪರೀಕ್ಷೆಯ ಮೂರನೆಯ ಹಂತದವರೆಗೆ ಪ್ರಯೋಗಿಸಲಾಯಿತು. ಪ್ರೊಗ್ರಾನ್ಯುಲಿನ್ ಪ್ರಮಾಣ ಏರಿತು, ಆದರೆ ಕಾಯಿಲೆಯ ವೇಗ ತಗ್ಗಲಿಲ್ಲ ಎಂಬ ಫಲಿತಾಂಶ 2025ರಲ್ಲಿ ಪ್ರಕಟವಾಯಿತು. ಇದು ನಮ್ಮಂಥವರಿಗೆ ನಿಜಕ್ಕೂ ದುಃಖ ತಂದ ಸುದ್ದಿ. ಪ್ರೊಗ್ರಾನ್ಯುಲಿನ್ ಬೇಕಾಗಿರುವುದು ಲೈಸೋಸೋಮಿನ ಒಳಗೆ. ಸಾರ್ಟಿಲಿನ್ ಅದನ್ನು ಅಲ್ಲಿಗೆ ತಲುಪಿಸುವ ದಾರಿಗಳಲ್ಲೂ ಒಂದಾದ್ದರಿಂದ, ಕೋಶದ ಹೊರಗೆ ಪ್ರಮಾಣ ಹೆಚ್ಚಿಸಿದರೆ ಸಾಕೇ ಎಂಬ ಪ್ರಶ್ನೆಯನ್ನು ಮೊದಲಿನಿಂದಲೂ ಕೆಲವರು ಎತ್ತಿದ್ದರು. ನಿರುಪದ್ರವಿ ವೈರಸ್ಸಿನ ಮೂಲಕ ಸರಿಯಾದ ಜೀನನ್ನೇ ಮಿದುಳಿಗೆ ತಲುಪಿಸುವ ಪ್ರಯೋಗಗಳು ಬೇರೆಯಾಗಿ ನಡೆದಿವೆ.

ಯೂರೋಪ್ ಮತ್ತು ಕೆನಡಾದ ಜೆನ್ಫಿ ಅಧ್ಯಯನ ಮ್ಯುಟೇಷನ್ ಇರುವ ಆದರೆ ಆರೋಗ್ಯವಾಗಿರುವ ಕುಟುಂಬ ಸದಸ್ಯರನ್ನು ವರ್ಷಗಟ್ಟಲೆ ಗಮನಿಸುತ್ತ ಬಂದಿದೆ. ಲಕ್ಷಣಗಳು ಶುರುವಾಗಬಹುದೆಂದು ಅಂದಾಜಿಸಿದ ವಯಸ್ಸಿಗೆ ಸುಮಾರು ಹತ್ತು ವರ್ಷ ಮೊದಲೇ ಎಂಆರ್‌ಐನಲ್ಲಿ ಬದಲಾವಣೆ ಕಾಣುತ್ತದೆಂದು 2015ರಲ್ಲಿ ಅದು ವರದಿ ಮಾಡಿತು. ಔಷಧಿ ಕೊಡಬೇಕಾದ ಸಮಯ ಯಾವುದು ಎಂಬ ಪ್ರಶ್ನೆ ಅಲ್ಲಿಂದಲೇ ಹುಟ್ಟುತ್ತದೆ. ತಾಯಿಯವರಿಗೆ ಮಾತು ನಿಂತ ಮೇಲೆ ಕೊಟ್ಟ ಔಷಧಿ ಈಗಾಗಲೇ ಸತ್ತ ಕೋಶಗಳನ್ನು ಮರಳಿ ತರಲಾರದು.

ಸದ್ಯಕ್ಕೆ ಒಂದು ಎಚ್ಚರಿಕೆ. ಆಲ್ಝೈಮರ್ ಕಾಯಿಲೆಗೆ ಕೊಡುವ ಡೊನೆಪೆಜಿಲ್‌ನಂಥ ಮಾತ್ರೆಗಳಿಂದ ಈ ಕಾಯಿಲೆಯಲ್ಲಿ ಪ್ರಯೋಜನವಿಲ್ಲ. ನಡವಳಿಕೆ ಇನ್ನಷ್ಟು ಕೆರಳುವುದುಂಟು. ಮಾವನವರಿಗೆ ಅವುಗಳನ್ನು ಕೊಡುತ್ತಿದ್ದರೆ ವೈದ್ಯರೊಡನೆ ಮಾತನಾಡಿ. ಅವರ ದುಡುಕು ಮತ್ತು ತಿನ್ನುವ ಹಂಬಲಕ್ಕೆ ಖಿನ್ನತೆ ನಿವಾರಕ ಗುಂಪಿನ ಕೆಲವು ಔಷಧಿಗಳು ಸ್ವಲ್ಪಮಟ್ಟಿಗೆ ನೆರವಾಗುತ್ತವೆ. ತಾಯಿಯವರಿಗೆ ಗ್ರಹಿಕೆ ಇನ್ನೂ ಉಳಿದಿರುವುದರಿಂದ ಸ್ಪೀಚ್ ಥೆರಪಿಸ್ಟ್ ಸಹಾಯದಿಂದ ಚಿತ್ರಗಳ ಪುಸ್ತಕವೊಂದನ್ನು ಈಗಲೇ ಸಿದ್ಧಪಡಿಸಿ, ಬೇಕಾದ್ದನ್ನು ಬೆರಳಿಟ್ಟು ತೋರಿಸುವ ಅಭ್ಯಾಸ ಮಾಡಿಸಿ. ತಡವಾದರೆ ಕಲಿಯುವುದು ಕಷ್ಟವಾಗುತ್ತದೆ.

ಮೂರನೆಯ ಉತ್ತರ ಬರೆದವರಿಂದ

ಪರೀಕ್ಷೆಯ ವಿಷಯದಲ್ಲಿ ಇಬ್ಬರೂ ಸರಿ. ಲಕ್ಷಣವಿಲ್ಲದವರ ಪರೀಕ್ಷೆಗೆ ಹಂಟಿಂಗ್ಟನ್ ಎಂಬ ಇನ್ನೊಂದು ಆನುವಂಶಿಕ ಮಿದುಳು ಕಾಯಿಲೆಯ ಕುಟುಂಬಗಳಿಗಾಗಿ ರೂಪಿಸಿದ ಕ್ರಮವನ್ನೇ ಇಲ್ಲಿಯೂ ಅನುಸರಿಸಲಾಗುತ್ತದೆ: ಮೊದಲು ಸಮಾಲೋಚನೆ, ನಂತರ ಯೋಚಿಸಲು ಸಮಯ, ಆಮೇಲೆ ರಕ್ತ, ಫಲಿತಾಂಶವನ್ನು ಎದುರಿಗೆ ಕೂರಿಸಿಕೊಂಡೇ ತಿಳಿಸುವುದು, ಯಾವ ಹಂತದಲ್ಲೂ ಹಿಂದೆ ಸರಿಯುವ ಹಕ್ಕು. ಫಲಿತಾಂಶ "ಇದೆ" ಎಂದು ಬಂದರೆ ಅದು ತಮಗೆ ಯಾವಾಗ, ಯಾವ ರೂಪದಲ್ಲಿ ಎಂಬುದನ್ನು ಹೇಳುವುದಿಲ್ಲ. ಇಷ್ಟೂ ಚರ್ಚೆಯ ನಂತರ ಅದು ತಮಗೆ ಸ್ಪಷ್ಟವಾಗಿರಬೇಕು. ಅಷ್ಟನ್ನು ಮಾತ್ರ ತಿಳಿದುಕೊಂಡು ಬದುಕಲು ಸಾಧ್ಯವೇ ಎಂದು ಯೋಚಿಸಿ ನಿರ್ಧರಿಸಿ. ಮಕ್ಕಳನ್ನು ಪಡೆಯುವ ಆಲೋಚನೆ ಇದ್ದರೆ ಅದನ್ನೂ ಸಮಾಲೋಚನೆಯಲ್ಲಿ ಮೊದಲೇ ಹೇಳಿ. ತಂಗಿಯವರಿಗೆ ತಿಳಿಯದಿರುವ ಹಕ್ಕು ಇದೆ. ತಮ್ಮ ಫಲಿತಾಂಶ ಏನೇ ಬಂದರೂ ಅದು ಅವರ ಫಲಿತಾಂಶವನ್ನು ಬಯಲು ಮಾಡುವುದಿಲ್ಲವಾದ್ದರಿಂದ, ಅವರು ಕೇಳುವವರೆಗೆ ಹೇಳದಿರುವುದು ಸಾಧ್ಯ. ಮಾವನವರ ಮಕ್ಕಳಿಗೆ ಮಾತ್ರ, ಇಂಥ ಮ್ಯುಟೇಷನ್ ಮನೆತನದಲ್ಲಿದೆ ಎಂಬ ವಿಷಯವನ್ನು ಅತ್ತೆಯವರೇ ತಿಳಿಸುವುದು ಒಳ್ಳೆಯದು.

ಪ್ರಶ್ನೆ ಕೇಳಿದವರಿಂದ

ಮುಂದಿನ ವಾರ ಸಮಾಲೋಚನೆಗೆ ಒಬ್ಬನೇ ಹೋಗುತ್ತಿದ್ದೇನೆ. ರಕ್ತ ಕೊಡುವುದನ್ನು ಆಮೇಲೆ ನಿರ್ಧರಿಸುತ್ತೇನೆ. ಚಿತ್ರಗಳ ಪುಸ್ತಕವನ್ನು ತಂಗಿ ನಿನ್ನೆಯೇ ಆರಂಭಿಸಿದಳು. ಮೊದಲ ಪುಟದಲ್ಲಿ ನೀರಿನ ಲೋಟ, ಕಿಟಕಿ, ಹೊದಿಕೆ, ನಮ್ಮಿಬ್ಬರ ಭಾವಚಿತ್ರಗಳು ಇವೆ. ತಾಯಿ ಬಹಳ ಹೊತ್ತು ನೋಡಿ ಕಿಟಕಿಯ ಮೇಲೆ ಬೆರಳಿಟ್ಟರು. ಅದು ಮುಚ್ಚಿತ್ತು, ತೆರೆದೆವು.